ಹಲಗೆಯಾಚೆಯಿಂದ ಕೇಳಿದ ಪದಗಳು

ಕೊಪ್ಪದಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಯ ಗೋಡೆ ಎಂಟನೆಯ ದಿನ ಬೆಳಿಗ್ಗೆ ಇಂಗ್ಲಿಷಿನಲ್ಲಿ ಮಾತಾಡಿತು. ನಾನು ಜಡೆ ಹಾಕಿಕೊಳ್ಳುತ್ತ, ಆ ದಿನದ ಪಾಠಕ್ಕೆ ಬೇಕಾದ ಪದಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. 'ಮೊನಾರ್ಕಿ' ಎಂದೆ. ಸ್ವಲ್ಪ ಹೊತ್ತು ಬಿಟ್ಟು ಹಲಗೆಯ ಗೋಡೆಯ ಆಚೆಯಿಂದ, ಬಾಯಿಗೆ ಸೆರಗು ಒತ್ತಿ ಹೇಳಿದಂತೆ, 'ಮೊನಾರ್ಕಿ' ಎಂದು ಕೇಳಿಸಿತು. ಭ್ರಮೆಯೆಂದುಕೊಂಡು 'ಸೆಕ್ಯುಲರ್' ಎಂದೆ. ಗೋಡೆಯೂ ಅಂದಿತು. ಮೂರನೆಯ ಪದ 'ರೆಬೆಲಿಯನ್'. ಅದನ್ನು ಮಾತ್ರ ಗೋಡೆ ಹೇಳಲಿಲ್ಲ.

ನನ್ನೂರು ಮುದ್ದೇಬಿಹಾಳದ ಹತ್ತಿರ. ಊರಿಗೆ ಬಂದಾಗಲೆಲ್ಲ ಆ ಸೀಮೆಯವರಾದ ನೀವು ಕೇಳುತ್ತೀರಿ, ಮಲೆನಾಡು ಹೇಗಿದೆ ಎಂದು. ತಂಪು, ಹಸಿರು ಎಂದಷ್ಟೇ ಹೇಳಿ ತಪ್ಪಿಸಿಕೊಂಡಿದ್ದೇನೆ. ಆದರೆ ಈ ಗೋಡೆಯ ಸಂಗತಿ ಹೇಳದೆ, ನಾನು ಇಲ್ಲಿ ನೆಲೆಯೂರಿದ್ದು ಹೇಗೆಂದು ಹೇಳಲು ಬರುವುದಿಲ್ಲ.

ಆಗ ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದ ನನಗೆ ಕೊಪ್ಪದ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಹಾಜರಾದ ದಿನವೇ ಪ್ರಾಂಶುಪಾಲರು, ಈ ವರ್ಷದಿಂದ ಇಂಗ್ಲಿಷ್ ಮಾಧ್ಯಮವೂ ಶುರುವಾಗಿದೆ, ಅದನ್ನೂ ನೀವೇ ತೆಗೆದುಕೊಳ್ಳಬೇಕು ಎಂದರು. ಹೂಂ ಎಂದೆ. ಆದರೆ ಅಶೋಕನಿಂದ ಸ್ವಾತಂತ್ರ್ಯದವರೆಗೆ ಎಲ್ಲವನ್ನೂ ನಾನು ಕನ್ನಡದಲ್ಲಿ ಓದಿದವಳು. ಇತಿಹಾಸ ಗೊತ್ತಿತ್ತು, ಅದರ ಬಗ್ಗೆ ಮಾತಾಡಲು ಬೇಕಾದ ಇಂಗ್ಲಿಷ್ ಗೊತ್ತಿರಲಿಲ್ಲ.

ಒಂದು ನೋಟುಬುಕ್ಕು ಮಾಡಿಕೊಂಡೆ. ನಮ್ಮ 'ದಂಗೆ'ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತುಗಳಿದ್ದವು: ಮ್ಯೂಟಿನಿ, ರಯಟ್, ರೆಬೆಲಿಯನ್, ಅಪ್‌ರೈಸಿಂಗ್. ನಡೆದದ್ದು ಒಂದೇ ಆದರೂ ಹೇಳುವವರು ಯಾರೆಂಬುದರ ಮೇಲೆ ಪದ ಬದಲಾಗುತ್ತಿತ್ತು. 'ಮತ' ಎಂಬ ನಮ್ಮ ಒಂದೇ ಪದ ಅಲ್ಲಿಗೆ ಹೋದರೆ ಒಂದು ಕಡೆ ರಿಲಿಜನ್, ಇನ್ನೊಂದು ಕಡೆ ವೋಟು. ಶೃಂಗೇರಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಪುಸ್ತಕದಲ್ಲಿ ಮಠಕ್ಕೆ ಮೊನಾಸ್ಟರಿ ಎಂದಿದೆಯಲ್ಲ, ಮೊನಾಸ್ಟರಿಯಲ್ಲೂ ಮಧ್ಯಾಹ್ನ ಬಂದವರಿಗೆಲ್ಲ ಊಟ ಹಾಕುತ್ತಾರಾ ಎಂದು ಕೇಳಿದಳು. ಗೊತ್ತಿಲ್ಲ ಎಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದೆ. ಆ ವಾರದ ನನ್ನ ಗೆಲುವು ಅದೊಂದೇ.

ಮನೆ ಕೊಟ್ಟವರು ಜಲಜಾಕ್ಷಮ್ಮ. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪೇಟೆಯ ಹಿಂದಿನ ಬೀದಿಯಲ್ಲಿ ಅವರ ಉದ್ದನೆಯ ಹೆಂಚಿನ ಮನೆ. ಅದರ ಒಂದು ತುದಿಯ ಕೋಣೆ ನನಗೆ. ಅದರ ಪಕ್ಕದ ಕೋಣೆಗೂ ನನ್ನದಕ್ಕೂ ನಡುವೆ ಮರದ ಹಲಗೆಗಳನ್ನು ಜೋಡಿಸಿದ ಗೋಡೆ. ಆ ಕೋಣೆಗೆ ಹೊರಗಿನಿಂದ ಬೀಗ. ನಮ್ಮೂರಲ್ಲಿ ಬೆಳಗಾಗುವುದೇ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳದಿಂದ. ಇಲ್ಲಿ ಒಂಬತ್ತು ಗಂಟೆಯವರೆಗೂ ಮಂಜು ಬೀದಿಯಲ್ಲೇ ಕೂತಿರುತ್ತಿತ್ತು, ಸಪ್ಪಳವೆಂಬುದಿರಲಿಲ್ಲ. ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳಿದರೆ ಅಂಗಡಿಯಾತ ಮುಖ ನೋಡುತ್ತಿದ್ದ. ಈರುಳ್ಳಿ ಎನ್ನುವುದನ್ನು ಕಲಿತೆ. ಏನು ಎನ್ನುವ ಕಡೆ ಎಂತ ಎನ್ನುವುದನ್ನು ಕಲಿತೆ. ನಾವು ಅಂಜಿಕೆ ಎನ್ನುವುದಕ್ಕೆ ಇವರು ಹೆದರಿಕೆ ಎನ್ನುತ್ತಾರೆ. ಆ ವರ್ಷಗಳಲ್ಲಿ ಅತಿ ಹೆಚ್ಚು ಕಿವಿಗೆ ಬಿದ್ದ ಮಾತು ಅದೇ.

ಕೊಪ್ಪ, ಶೃಂಗೇರಿ ಕಡೆಯ ಕಾಡಿನಲ್ಲಿ ಬಂದೂಕು ಹಿಡಿದವರಿದ್ದಾರೆ ಎಂಬ ಸುದ್ದಿಯ ಕಾಲವದು. ಅವರನ್ನು ಹುಡುಕುವವರ ವಾಹನಗಳು ಹಗಲೆಲ್ಲ ಓಡಾಡುತ್ತಿದ್ದವು. ಇಂಗ್ಲಿಷಿನ ಎ, ಬಿ ಬಾರದ ಮುದುಕಿಯರ ಬಾಯಲ್ಲೂ 'ಕೂಂಬಿಂಗ್', 'ಎನ್‌ಕೌಂಟರ್' ಎಂಬ ಪದಗಳು, ಬೆಳೆಗೆ ಬರುವ ರೋಗದ ಹೆಸರುಗಳಂತೆ, ಸಲೀಸಾಗಿ ಬರುತ್ತಿದ್ದವು. ಒಮ್ಮೆ ಬಸ್ಸು ನಿಲ್ಲಿಸಿ ಚೀಲ ನೋಡಿದ ಪೊಲೀಸಿನವರು ನನ್ನ ಮಾತಿನ ಧಾಟಿ ಕೇಳಿ, ಇಷ್ಟು ದೂರ ಯಾಕೆ ಬಂದಿರಿ ಎಂದು ಎರಡು ಸಲ ಕೇಳಿದರು. ಸಭ್ಯವಾಗಿಯೇ ಕೇಳಿದರು. ಆದರೆ ಇಳಿಯುವವರೆಗೂ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಗೋಡೆ ಮಾತಾಡಿದ ದಿನ ಸಂಜೆ ಜಲಜಾಕ್ಷಮ್ಮನನ್ನು, ಆ ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ.

"ಅಲ್ಲಿ ಯಾರಿದಾರೆ ಮಾರಾಯ್ತಿ. ಹಳೇ ಸಾಮಾನು ತುಂಬಿಟ್ಟಿದೀನಿ. ಇಲಿ ಓಡಾಡ್ತವೆ" ಎಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ. ಹಲಗೆಯ ಆಚೆ ಯಾರೋ ಉಸಿರಾಡುವುದು ಕೇಳುತ್ತಿತ್ತು. ಆಮೇಲೆ ತೀರಾ ಸಣ್ಣ ದನಿ: "ಮೇಡಂ, ಅಲೆಜ್ಡ್ ಅಂದ್ರೆ ಎಂತ?"

ಹೆಣ್ಣು ದನಿ, ಎಳೆಯದು. ಯಾರು ಎಂದು ಕೇಳಿದರೆ ಅದೇ ಪದವನ್ನು ಮತ್ತೆ ಹೇಳಿತು. ಕೊನೆಗೆ ಮೇಷ್ಟರ ಚಾಳಿ ಗೆದ್ದಿತು. ನಿಘಂಟು ತೆಗೆದು ನೋಡಿ, ರುಜುವಾತಾಗದ್ದು, ಬರೀ ಆರೋಪ ಎಂದೆ. ಆಚೆ ಆ ಮಾತನ್ನು ಎರಡು ಸಲ ಹೇಳಿಕೊಂಡದ್ದು ಕೇಳಿಸಿತು.

ನಾಲ್ಕು ದಿನ ಬಿಟ್ಟು 'ಸಿಂಪಥೈಸರ್'. ಸಹಾನುಭೂತಿ ಉಳ್ಳವರು ಎಂದೆ. ಅದು ಒಳ್ಳೇದೇ ಅಲ್ಲವಾ ಎಂದಿತು ದನಿ. ಒಳ್ಳೆಯದೇ ಎಂದೆ. ಇನ್ನೊಂದು ವಾರಕ್ಕೆ, ಅಕ್ಷರ ಅಕ್ಷರ ಬಿಡಿಸಿಕೊಂಡು, 'ಇಂಡಾಕ್ಟ್ರಿನೇಟೆಡ್'. ಒಂದು ಮತವನ್ನೋ ರಾಜಕೀಯವನ್ನೋ ಪ್ರಶ್ನಿಸದ ಹಾಗೆ ತಲೆಗೆ ತುಂಬುವುದು ಎಂದು ವಿವರಿಸಿದೆ. ಈ ಪದಗಳನ್ನೂ ನಾನು ನನ್ನ ನೋಟುಬುಕ್ಕಿಗೇ ಬರೆದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಬೆಳಗಿನ ಪ್ರಶ್ನೆಗಾಗಿ ಕಾಯತೊಡಗಿದ್ದೆ. ಕೊಪ್ಪದಲ್ಲಿ ನನ್ನೊಡನೆ ತಾನಾಗಿ ಮಾತಾಡುತ್ತಿದ್ದುದು ಆ ಗೋಡೆಯೊಂದೇ.

ನಾಲ್ಕನೆಯ ಪದ 'ಅಬ್‌ಸ್ಕಾಂಡಿಂಗ್'. ತಲೆತಪ್ಪಿಸಿಕೊಂಡಿರುವುದು ಎಂದು ಹೇಳಿ, ಬರೆದು, ಬರೆದದ್ದನ್ನು ಮೇಲಿನಿಂದ ಓದಿದೆ. ಆರೋಪಿತ. ಸಹಾನುಭೂತಿಯವಳು. ತಲೆಗೆ ತುಂಬಿಸಲ್ಪಟ್ಟವಳು. ತಲೆತಪ್ಪಿಸಿಕೊಂಡವಳು. ಇವು ಬಿಡಿ ಪದಗಳಾಗಿರಲಿಲ್ಲ. ಯಾವುದೋ ಪತ್ರಿಕೆಯ ಒಂದು ವಾಕ್ಯ ತುಂಡು ತುಂಡಾಗಿ ಆ ಹಲಗೆಯ ಸಂದಿಯಿಂದ ನನ್ನ ಕಡೆ ಬಂದಿತ್ತು. ಬಸ್ಸಿನಲ್ಲಿ ನನ್ನನ್ನು ಪ್ರಶ್ನಿಸಿದ್ದು ನೆನಪಾಯಿತು. ಊರಿಗೆ ಹೋಗಿಬಿಡೋಣ ಎನ್ನಿಸಿತು. ಚೀಲಕ್ಕೆ ಎರಡು ಸೀರೆ ತುಂಬಿಯೂ ಬಿಟ್ಟೆ.

ಆದರೆ ಹೋದದ್ದು ಅಡುಗೆಮನೆಗೆ. ಜಲಜಾಕ್ಷಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಎರಡು ತಟ್ಟೆಗಳಿದ್ದವು. ನನ್ನ ತಿಂಡಿ ಆಗಲೇ ಆಗಿತ್ತು.

"ಅಮ್ಮಾರ, ಇಲಿಗೆ ಇಂಗ್ಲಿಷ್ ಬರೂದಿಲ್ರಿ" ಎಂದೆ.

ಅವರು ಒಲೆಯ ಮುಂದೆ ಹಾಗೇ ಕೂತುಬಿಟ್ಟರು. ಆಮೇಲೆ ಸೊಂಟದ ಕೀಲಿ ತೆಗೆದು, ನನ್ನ ಮುಂದೆ ನಡೆದರು.

ಒಳಗಿದ್ದವಳು ಸುಗುಣ, ಅವರ ತಂಗಿಯ ಮಗಳು. ಇಪ್ಪತ್ತು ವರ್ಷ. ಮೆಣಸೆ ಕಡೆಯ, ಕಾಡಂಚಿನ ಒಂಟಿ ಮನೆಯವಳು. ಶೃಂಗೇರಿಯಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದಳು. ಬಿಸಿಲು ಕಾಣದೆ ಮುಖ ಬೂದಿ ಬಳಿದಂತಾಗಿತ್ತು. ಕಾಡಂಚಿನ ಮನೆಯವರನ್ನು ಒಕ್ಕಲೆಬ್ಬಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಊರವರೊಂದು ಸಭೆ ಮಾಡಿದ್ದರು. ಅಕ್ಷರ ಚೆನ್ನಾಗಿದೆಯೆಂದು ಇವಳಿಂದ ಫಲಕ ಬರೆಸಿದ್ದರು. ಇವಳು ಮಾಡಿದ್ದು ಅಷ್ಟೆ. ಒಂದು ತಿಂಗಳ ಮೇಲೆ ಪೇಟೆಯಲ್ಲಿ ಯಾರೋ ಇವಳ ಅಪ್ಪನ ಕೈಗೆ ಒಂದು ಇಂಗ್ಲಿಷ್ ಪತ್ರಿಕೆಯ ಚೂರು ಕೊಟ್ಟು, ನಿನ್ನ ಮಗಳದ್ದು ಬಂದಿದೆ ನೋಡು ಎಂದರಂತೆ. ಅಪ್ಪ ಓದಿಸಲು ಹೆದರಿದರು. ಯಾರ ಹತ್ತಿರ ಓದಿಸಿದರೂ ಅವರಿಗೆ ಗೊತ್ತಾಗುತ್ತದಲ್ಲ. ಮಗಳು ಶಿವಮೊಗ್ಗಕ್ಕೆ ಹೋಗಿದ್ದಾಳೆಂದು ಊರಿಗೆ ಹೇಳಿ ಇಲ್ಲಿ ತಂದುಬಿಟ್ಟರು. ನಾಲ್ಕು ತಿಂಗಳಾಗಿತ್ತು. ಬೀಗವಿರುವುದು ಹೊರಗೆ ನೋಡುವವರಿಗೆ, ಅವಳಿಗಲ್ಲ ಎಂದರು ಜಲಜಾಕ್ಷಮ್ಮ. ಹೇಳುತ್ತ ಅತ್ತರು.

ಸುಗುಣ ಆ ಚೂರನ್ನು ಕೊಟ್ಟಳು. ಮಡಚಿದ ಕಡೆಗಳಲ್ಲಿ ಹರಿದು ಬರುತ್ತಿತ್ತು. ಅವಳಿಗೆ ಕಷ್ಟವಾದ ನಾಲ್ಕು ಪದಗಳ ಕೆಳಗೆ ಪೆನ್ಸಿಲ್ಲಿನ ಗೆರೆ. ನಾನು ಇಡೀ ವರದಿಯನ್ನು ಓದಿ ಕನ್ನಡದಲ್ಲಿ ಹೇಳಿದೆ. ಮೆಣಸೆ ಕಡೆಯ ವಿದ್ಯಾರ್ಥಿನಿಯೊಬ್ಬಳು ತಲೆತಪ್ಪಿಸಿಕೊಂಡಿದ್ದಾಳೆಂದು ಹೇಳಲಾಗುತ್ತಿದೆ ಎಂದಿತ್ತು. ಹೇಳಿದವರು ಯಾರೆಂದಿರಲಿಲ್ಲ. ಹೆಸರಿರಲಿಲ್ಲ.

"ನಂಗೂ ಸಿಕ್ಕಿರ್ಲಿಲ್ಲ. ನನ್ನ ಹೆಸರೇ ಇಲ್ವಾ?" ಎಂದಳು ಸುಗುಣ.

"ಇಲ್ಲ."

"ಇದು ಬಂದ ದಿನ ನಾನು ಮನೇಲೇ ಇದ್ದೆ ಮೇಡಂ. ಅಂಗಳ ಗುಡಿಸ್ತಾ ಇದ್ದೆ."

'ಅಬ್‌ಸ್ಕಾಂಡಿಂಗ್' ಎಂಬ ಆ ಪದ ಅಚ್ಚಾದ ದಿನ ಸುಳ್ಳಾಗಿತ್ತು. ಅದಕ್ಕೆ ಹೆದರಿ ಇವರು ಅವಳನ್ನು ಅಡಗಿಸಿದ ಮೇಲೆ ನಿಜವಾಗಿತ್ತು. ಹೆಸರೂ ಆಕಾರವೂ ಇಲ್ಲದ ಒಬ್ಬ ವಿದ್ಯಾರ್ಥಿನಿ ಆ ವರದಿಯಲ್ಲಿದ್ದಳು. ಸುಗುಣ ಹಲಗೆಯ ಹಿಂದೆ ಒಂದೊಂದೇ ಪದ ಕಲಿತು ಅವಳಾಗುತ್ತ ಬಂದಿದ್ದಳು. ನಾನೇ ಕಲಿಸಿದ್ದೆ.

ಠಾಣೆಗೆ ಹೋಗಿ ಹೇಳಿಬಿಡೋಣ ಎಂದದ್ದು ಅವಳೇ. ಜಲಜಾಕ್ಷಮ್ಮ ಎರಡು ದಿನ ಒಪ್ಪಲಿಲ್ಲ. ನನಗೂ ಹೆದರಿಕೆಯಿತ್ತು, ಹಂಗಾಮಿ ಕೆಲಸದವಳು. ಅರ್ಜಿ ಇಂಗ್ಲಿಷಿನಲ್ಲೇ ಇರಬೇಕೆಂದು ಸುಗುಣ ಹಟ ಹಿಡಿದಳು. ಅಂದದ್ದು ಇಂಗ್ಲಿಷಿನಲ್ಲಿ, ಅಲ್ಲ ಅನ್ನುವುದೂ ಅದರಲ್ಲೇ ಆಗಲಿ ಎಂದಳು. ನಿಘಂಟು ನಡುವೆ ಇಟ್ಟುಕೊಂಡು ಒಂದು ಭಾನುವಾರವಿಡೀ ಕೂತು ಆರು ವಾಕ್ಯ ಬರೆದೆವು. ನಾನು ತಲೆತಪ್ಪಿಸಿಕೊಂಡಿಲ್ಲ, ನನಗೆ ಅಭಿಪ್ರಾಯಗಳಿವೆ, ಅವು ನನ್ನವು ಎಂಬುದು ಅದರ ಸಾರ. 'ಒಪೀನಿಯನ್' ಎಂಬ ಪದ ಅವಳಿಗೆ ಬಹಳ ಹಿಡಿಸಿತು.

ಸೋಮವಾರ ಹತ್ತು ಗಂಟೆಗೆ ಮೂವರೂ ಹೋದೆವು. ಬಿಸಿಲಿಗೆ ಸುಗುಣ ಕಣ್ಣು ಬಿಡಲಾರದೆ ನನ್ನ ಕೈ ಹಿಡಿದು ನಡೆದಳು. ಅಲ್ಲಿದ್ದ ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿ, ಒಳಗೆ ಹೋಗಿ ಏನೇನೋ ನೋಡಿ ಬಂದರು. ಈ ಹೆಸರಿನವರು ಯಾರೂ ನಮಗೆ ಬೇಕಾಗಿಲ್ಲ, ಹೋಗಿ ಓದಿಕೊಳ್ಳಮ್ಮ ಎಂದರು. ಎದ್ದೆವು.

"ಒಂದು ನಿಮಿಷ" ಎಂದರು. "ಅರ್ಜಿ ಕೊಟ್ಟಿದೀರಲ್ಲ, ಬರ್ಕೊಳ್ಬೇಕು. ಹೆಸರು ಹೇಳಿ. ತಂದೆ ಹೆಸರು. ಊರು."

ಅವರು ಬರೆದುಕೊಂಡರು. ಅದು ಅವರ ಕೆಲಸ, ತಪ್ಪೇನಿಲ್ಲ. ಆದರೆ ಅದುವರೆಗೂ ಎಲ್ಲೂ ಇಲ್ಲದ ಅವಳ ಹೆಸರು ನಮ್ಮ ಕಣ್ಣೆದುರೇ ಒಂದು ದಪ್ಪ ಪುಸ್ತಕದೊಳಗೆ ಇಳಿಯಿತು.

ಆಮೇಲೆ ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ನಂಬಲು ನಮಗೆ ವರ್ಷ ಹಿಡಿಯಿತು. ಮನೆಯ ಮುಂದೆ ವಾಹನ ನಿಧಾನವಾದರೆ ಜಲಜಾಕ್ಷಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸುತ್ತಿದ್ದರು. ಸುಗುಣ ಶೃಂಗೇರಿಗೆ ಮರಳಲು ಒಪ್ಪಲಿಲ್ಲ. ಸೀತೂರಿನಲ್ಲಿದ್ದ ಸೋದರತ್ತೆಯ ಮನೆಯಿಂದ ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದಳು. ಬಿ.ಎಡ್.ಗೆ ಬಿಜಾಪುರ ಆರಿಸಿಕೊಂಡಾಗ ಎಲ್ಲರಿಗೂ ಆಶ್ಚರ್ಯ. ರಜೆ ಬಂದರೆ ನನ್ನ ಅವ್ವನ ಮನೆಯಲ್ಲಿರುತ್ತಿದ್ದಳು. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿ ನಾನು ಇಲ್ಲೇ ಉಳಿದಿದ್ದೆ. ಇಂಗ್ಲಿಷಿನಲ್ಲಿ ಪಾಠ ಈಗ ಸಲೀಸು, ಆದರೂ ವಿದ್ಯಾರ್ಥಿಗಳ ಬಾಯಲ್ಲಿ ನಾನಿನ್ನೂ 'ಬಯಲುಸೀಮೆ ಮೇಡಂ'.

ಸುಗುಣಳ ಬಿ.ಎಡ್. ವರ್ಷದ ದಸರೆಗೆ ನಾನು ಊರಿಗೆ ಬಂದಾಗ ಅವಳು ಅವ್ವನ ಜೊತೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. 'ಹೌದ್ರಿ, ಅಲ್ರಿ' ಎನ್ನುತ್ತಿದ್ದಳು. ನಾನು ಎಂತ ಎಂದರೆ ಅವ್ವ ನಗುತ್ತಿದ್ದಳು. ಇಲ್ಲಿ ಹೇಗನ್ನಿಸುತ್ತದೆ ಎಂದು ಸುಗುಣಳನ್ನು ಕೇಳಿದೆ. ಇಲ್ಲಿ ಮರೆಯೇ ಇಲ್ಲವಲ್ಲ ಮೇಡಂ, ಬರುವವರು ಹರದಾರಿ ದೂರದಿಂದಲೇ ಕಾಣುತ್ತಾರೆ, ಕಣ್ತುಂಬ ನಿದ್ದೆ ಬರುತ್ತದೆ ಎಂದಳು.

ಮಧ್ಯಾಹ್ನ ನಾನೊಬ್ಬಳೇ ಮಾಳಿಗೆ ಹತ್ತಿದೆ. ಎರೆಹೊಲ ಸುತ್ತಲೂ ಬಯಲಾಗಿ ಬಿದ್ದಿತ್ತು. ಬಹುದೂರದಲ್ಲಿ, ರಸ್ತೆ ಮುಗಿಯುವಲ್ಲಿ, ಸೈಕಲ್ ತುಳಿಯುವವನೊಬ್ಬ ಚುಕ್ಕೆಯಂತೆ ಕಾಣುತ್ತಿದ್ದ. ನಾನು ಆಟವಾಡಿ ಬೆಳೆದ ಮಾಳಿಗೆ ಅದು. ಅವನು ನನಗೆ ಕಾಣುವುದಾದರೆ ನಾನೂ ಅವನಿಗೆ ಕಾಣುತ್ತಿದ್ದೇನೆ ಎಂದು ಆವರೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಸರಸರ ಕೆಳಗಿಳಿದೆ.

"ಯಾಕ, ಇಷ್ಟ ಲಗೂ ಇಳದಿ?" ಎಂದಳು ಅವ್ವ.

ಬಿಸಿಲು ಎಂದೆ. ಹುಟ್ಟಿದೂರಿನ ಬಿಸಿಲಿನ ಮೇಲೆ ನಾನು ಹೊರಿಸಿದ ಮೊದಲ ಸುಳ್ಳು ಅದು.