ನಾನು ನೆಟ್ಟಗೆ ಮಾಡಿದ ಬಿಲ್ಲು

ಹುಣಸೂರಲ್ಲಿ ಮೂವತ್ತು ವರ್ಷದಿಂದ ಮರಗೆಲಸ ಮಾಡ್ಕೊಂಡಿದ್ದೀನಿ. ಬಾಗಿಲು, ಮಂಚ, ದಿವಾನ್, ಏನೇ ಇರಲಿ, ಸೊಟ್ಟ ಕಂಡರೆ ನನ್ನ ಕೈ ಸುಮ್ಮನಿರಲ್ಲ. ಆ ಹಾಳು ಚಟವೇ ನನ್ನ ಮಗಳ ಬಿಲ್ಲು ತಿಂದುಹಾಕಿದ್ದು.

ಬಿಲ್ಲು ಅಂದರೆ ನಾಟಕದ ಬಿಲ್ಲಲ್ಲ ಕಣ್ರೀ, ಗುರಿ ಹೊಡೆಯೋ ಆಟದ್ದು. ಬಿಚ್ಚಿದರೆ ಮೂರು ತುಂಡು. ನಡುವೆ ಬೀಟೆ ಮರದ ಹಿಡಿ, ಅದರ ಮೇಲೊಂದು ಕೆಳಗೊಂದು ತೋಳು, ಎರಡು ಬೋಲ್ಟ್ ಹಾಕಿ ಬಿಗಿಯೋದು. ಅವಳ ಸ್ಕೂಲಿನ ಡ್ರಿಲ್ ಮೇಷ್ಟ್ರು ಪಿರಿಯಾಪಟ್ಟಣದ ಗುಜರಿ ಅಂಗಡಿಯಲ್ಲಿ ಕಂಡು ತಂದುಕೊಟ್ಟಿದ್ದು. ಎಷ್ಟು ಹಳೇದೋ, ಯಾರು ಮಾಡಿದ್ದೋ, ಮೇಲೆ ಒಂದು ಹೆಸರಿಲ್ಲ, ನಂಬರಿಲ್ಲ. ಮೂರು ವರ್ಷ ಅದರಲ್ಲೇ ಹೊಡೆದೂ ಹೊಡೆದೂ ನನ್ನ ಮಗಳು ಜಿಲ್ಲಾ ಮಟ್ಟಕ್ಕೆ ಬಂದಳು. ಶನಿವಾರ ಮೈಸೂರಲ್ಲಿ ಕ್ರೀಡಾ ಹಾಸ್ಟೆಲಿಗೆ ಸೆಲೆಕ್ಷನ್ ಇತ್ತು. ಆ ಸಲ ತಪ್ಪಿದರೆ ಅವಳಿಗೆ ವಯಸ್ಸು ಮೀರುತ್ತಿತ್ತು.

ಅದಕ್ಕೆ ಮುಂಚಿನ ಭಾನುವಾರ ಅವಳು ಬಿಲ್ಲು ಬಿಚ್ಚಿಟ್ಟು ಅಜ್ಜಿ ಮನೆಗೆ ಹೋಗಿದ್ದಳು. ಬಿಚ್ಚಿದ ತೋಳನ್ನು ನಾನು ಕೈಗೆ ತಗೊಂಡು ನೋಡಿದ್ದು ಅವತ್ತೇ. ತುದಿ ಹೊರಕ್ಕೆ ಬಾಗಿಕೊಂಡಿತ್ತು. ಬಿಲ್ಲು ಅಂದಮೇಲೆ ಬಾಗಬೇಕಾದ್ದು ಒಳಕ್ಕೆ ತಾನೆ? ಥೂ, ಹಳೇ ಮರ, ಹಿಂದಕ್ಕೆ ತಿರುಗಿಬಿಟ್ಟಿದೆ ಅಂದುಕೊಂಡೆ. ಸೊಟ್ಟ ಬಿಲ್ಲಲ್ಲೇ ಕೂಸು ಇಷ್ಟು ಹೊಡೀತಾವಳೆ, ನೆಟ್ಟಗೆ ಮಾಡಿಕೊಟ್ಟರೆ ಇನ್ನೆಷ್ಟು ಹೊಡೆದಾಳು ಅಂತ ಆಸೆ. ಮೊದಲು ಒಂದು ತೋಳು ನೋಡಣ ಅಂತ ಗೋಣಿಚೀಲ ಸುತ್ತಿ, ಬಿಸಿನೀರು ಹುಯ್ದು, ಹಲಗೆ ಮೇಲಿಟ್ಟು ನಾಲ್ಕು ಕ್ಲಾಂಪ್ ಬಿಗಿದೆ. ಬಿಚ್ಚಿದಾಗ ಅರ್ಧಕ್ಕರ್ಧ ನೆಟ್ಟಗಾಗಿತ್ತು. ನನಗೆ ಖುಷಿಯೋ ಖುಷಿ, ಹೊಡೆದು ನೋಡಿ ಅವಳೇ ಹೇಳಲಿ ಅಂತ ಸುಮ್ಮನೆ ಚೀಲದಲ್ಲಿಟ್ಟೆ.

ಸೋಮವಾರ ಸ್ಕೂಲಿನ ಬಯಲಲ್ಲಿ ಅವಳು ಹೆದೆ ಕಟ್ಟಿ ಎಳೆದಿದ್ದೇ ತಡ, ಪಟಾರ್ ಅಂತ ತೋಳಿನ ಅಂಟಿಸಿದ್ದ ಪದರ ಬಿಟ್ಟುಕೊಂಡಿದೆ. ಅಳುತ್ತಾ ಮನೆಗೆ ತಂದಳು. ಹಿಂದೆಯೇ ಬಂದ ಡ್ರಿಲ್ ಮೇಷ್ಟ್ರು, ಆ ಹೊರಬಾಗಿನಲ್ಲೇ ಈ ಜಾತಿ ಬಿಲ್ಲಿನ ಜೀವ ಇರೋದು, ಅದು ಹೆಂಗೆ ಹೋಯ್ತೋ ಗೊತ್ತಾಗ್ತಿಲ್ಲ ಅಂದರು. ಹೇಳಬೇಕಿತ್ತು ನಾನು. ಬಾಯಿಂದ ಬಂದಿದ್ದು ಮಾತ್ರ ಬೇರೆ.

"ಹಳೇ ಮಾಲು ಕಣವ್ವ. ಅಂಟು ಬುಟ್ಟೈತೆ ಅಷ್ಟೆ."

ಅವಳು ಕಣ್ಣೊರೆಸಿಕೊಂಡು ತೋಳನ್ನು ಅತ್ತಿತ್ತ ತಿರುಗಿಸಿ ನೋಡಿದಳು.

ಕಂಪನಿ ತೋಳು ಇದಕ್ಕೆ ಕೂರಲ್ಲ, ಬೋಲ್ಟಿನ ತೂತೇ ಬೇರೆ ಅಂದರು ಮೇಷ್ಟ್ರು. ಸೆಲೆಕ್ಷನ್ ದಿನ ತಮ್ಮ ಬಿಲ್ಲು ಯಾರೂ ಕೊಡಲ್ಲ, ಕೊಟ್ಟರೂ ಇವಳ ಕೈಗೆ ಹತ್ತಲ್ಲ. "ಮಾಡಿದೋರನ್ನ ಹುಡುಕ್ರಿ. ಅವರ ಹತ್ರ ಇನ್ನೊಂದು ಜೊತೆ ಇದ್ರೂ ಇರಬೌದು," ಅಂದು ಹೋದರು. ಎಲ್ಲಿ ಅಂತ ಹುಡುಕಲಿ? ಮಂಗಳವಾರ ಅಂಗಡಿ ಬಾಗಿಲೇ ತೆಗೀಲಿಲ್ಲ ನಾನು. ಹಿಡಿಯನ್ನು ತೊಡೆ ಮೇಲಿಟ್ಟುಕೊಂಡು ಕೂತೆ. ನೋಡ್ತಾ ನೋಡ್ತಾ ಗೊತ್ತಾಯಿತು, ಇದು ಫಾರಿನ್ನೂ ಅಲ್ಲ, ಫ್ಯಾಕ್ಟರಿದೂ ಅಲ್ಲ. ಬೋಲ್ಟಿನ ಕೆಳಗಿದ್ದ ವಾಷರ್ ಸೈಕಲ್ ಅಚ್ಚಿನದು, ಉಜ್ಜಿ ಕೂರಿಸಿದ್ದಾರೆ. ಉಳಿ ಹೋದ ಜಾಡು ನೋಡಿದರೆ ಎಡಗೈಯವರ ಕೆಲಸ. ಯಾರೋ ನಮ್ಮ ಕಡೆಯವರೇ ಇರಬೇಕು ಅನ್ನಿಸಿತು.

ಬುಧವಾರ ಗುರುಪುರದ ಟಿಬೆಟಿಯನ್ ಕ್ಯಾಂಪಿಗೆ ಓಡಿದೆ. ಅಲ್ಲೊಬ್ಬ ಅಜ್ಜನ ಮನೆಗೆ ನಾನೇ ಪೂಜೆ ಕಪಾಟು ಮಾಡಿಕೊಟ್ಟಿದ್ದೆ. ಅವರ ಹೊಸ ವರ್ಷಕ್ಕೆ ಬಾಣದ ಪಂದ್ಯ ನಡೆಸೋ ಮನುಷ್ಯ. ಬಿಲ್ಲು ನೋಡಿ, "ನಮ್ಮದಲ್ಲ. ನಮ್ಮದು ಬಿದಿರು, ಒಂದೇ ತುಂಡು," ಅಂದ. ನನ್ನ ಮುಖ ಬಾಡಿದ್ದು ಕಂಡಿರಬೇಕು, ಟೀ ಕೊಟ್ಟು ಇನ್ನೊಂದು ಸಲ ನೋಡಿದ. "ಇಂಥಾದ್ದು ಒಬ್ಬ ಮೇಷ್ಟ್ರು ತಂದಿದ್ರು, ಬಹಳ ವರ್ಷ ಆಯ್ತು. ಕೆ.ಆರ್. ನಗರ. ಸ್ಕೂಲಲ್ಲಿ ಮರಗೆಲಸ ಕಲಿಸ್ತಿದ್ರು. ಎಡಗೈಯಲ್ಲಿ ಹೊಡೀತಿದ್ರು." ಆ ಅಜ್ಜನ ಕಾಲು ಹಿಡಿಯೋದೊಂದು ಬಾಕಿ ನಾನು.

ಗುರುವಾರ ಮಗಳೂ ಬತ್ತೀನಿ ಅಂತ ಹಟ ಹಿಡಿದಳು. ಕೆ.ಆರ್. ನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೂರು ಸ್ಕೂಲು ತಿರುಗಿದೆವು. ಒಬ್ಬ ಜವಾನ ಮನೆ ತೋರಿಸಿದ. ರಿಟೈರ್ ಆದ ಕ್ರಾಫ್ಟ್ ಮೇಷ್ಟ್ರು, ಎಂಬತ್ತರ ಹತ್ತಿರ ವಯಸ್ಸು, ಜಗಲಿ ಮೇಲೆ ಕನ್ನಡಕ ಒರೆಸ್ತಾ ಕೂತಿದ್ದರು. ಚೀಲ ಬಿಚ್ಚಿದ ಕೂಡಲೇ ಎಡಗೈ ಚಾಚಿ ಹಿಡಿ ತಗೊಂಡರು.

"ಇದು ನನ್ನದು ಕಣ್ರೀ! ಎಲ್ಲಿತ್ತು ಇದು? ಹತ್ತು ಮಾಡಿದ್ದೆ, ಒಂದೂ ಉಳಿದಿಲ್ಲ ಅಂದ್ಕೊಂಡಿದ್ದೆ."

ಸದ್ಯ, ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಒಡೆದ ತೋಳು ಅವರ ಕೈಗೆ ಹೋಯಿತು. ಬೆರಳಲ್ಲಿ ಸವರಿದರು. ನಗು ನಿಂತಿತು.

"ಯಾರೋ ಬಿಸಿ ಕೊಟ್ಟು ಕ್ಲಾಂಪ್ ಹಾಕವ್ರೆ. ಯಾರು?"

"ಗೊತ್ತಿಲ್ಲ ಸಾರ್, ಗುಜರಿಯಿಂದ ಬಂದ ಮಾಲು..." ಅಂದೆ ನಾನು. ಅಲ್ಲಿಯೂ ಅಂದೆ.

"ಗುಜರೀನೋ ಗಿಜರೀನೋ! ಗಾಯ ಹೊಸದು. ನನಗೆ ಹೇಳಿಕೊಡ್ತೀಯಾ?"

ಮಗಳು ತಲೆ ತಗ್ಗಿಸಿ ಹೇಳಿದಳು. "ನಾನೇ ಸಾರ್. ಗೊತ್ತಾಗ್ದೆ ಮಾಡ್ಬುಟ್ಟೆ."

ಮೇಷ್ಟ್ರಿಗೆ ಎಲ್ಲಿತ್ತೋ ಕೋಪ! ಬಿಲ್ಲು ಮುಟ್ಟೋ ಯೋಗ್ಯತೆ ಇಲ್ಲ ನಿನಗೆ, ಸೆಲೆಕ್ಷನ್ನಿಗೆ ಬೇರೆ ಹೋಗ್ತಾಳಂತೆ, ಬೇಲಿ ಗೂಟ ಅಂದುಕೊಂಡ್ಯಾ ಇದನ್ನ ಅಂತ ಒಂದೇ ಸಮ ಬೈದರು. ಅವಳು ಕದಲಲಿಲ್ಲ, ಅಳಲೂ ಇಲ್ಲ. ನಾನು ಪಕ್ಕದಲ್ಲಿ ಕಂಬದ ಹಾಗೆ ನಿಂತು ಪೂರ್ತಿ ಕೇಳಿಸಿಕೊಂಡೆ. ಅವರಿಗೆ ದಮ್ಮು ಕಟ್ಟಿ ಮಾತು ನಿಂತಮೇಲೆ ನಾನು ಬಾಯಿಬಿಟ್ಟೆ.

"ಅವಳಲ್ಲ ಸಾರ್. ನಾನು. ಸೊಟ್ಟ ಐತೆ ಅಂದ್ಕೊಂಡೆ."

ಮೇಷ್ಟ್ರು ನನ್ನ ಕೈ ನೋಡಿದರು, ಉಗುರಿಗೆ ಮೆತ್ತಿದ್ದ ಮರದ ಪಾಲಿಶ್ ನೋಡಿದರು. ಅವಳ ಕಡೆ ತಿರುಗಿ, "ಯಾವತ್ತವ್ವ ಸೆಲೆಕ್ಷನ್ನು?" ಅಂದರು.

"ಶನಿವಾರ ಸಾರ್."

"ನಾಡಿದ್ದು." ಆ ತೋಳನ್ನು ಇನ್ನೊಂದು ಸಲ ಸವರಿದರು. "ಇಟ್ಟಿರೋದು ಒಂದೂ ಇಲ್ಲ ಕಣವ್ವ. ಒಂದೇ ತೋಳು ಮಾಡಿದ್ರೂ ಆಗಲ್ಲ, ಎರಡೂ ಜೊತೆಗೇ ಮಾಡಬೇಕು. ಅಂಟು ಒಣಗೋಕೇ ಹದಿನೈದು ದಿವಸ ಬೇಕು." ಆಮೇಲೆ ಅವಳ ತಲೆ ಮೇಲೆ ಕೈ ಇಟ್ಟು, "ಬೈದುಬಿಟ್ಟೆ," ಅಂದರು.

ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಬಂದೆವು. ಚೀಲ ನಾನು ಹಿಡ್ಕೊತೀನಿ ಅಂದರೆ ಕೊಡಲಿಲ್ಲ. ಕಬ್ಬಿನ ಹಾಲು ಕುಡೀತೀಯಾ ಅಂದೆ, ಬೇಡ ಅಂದಳು. ಹುಣಸೂರು ಬಸ್ಸಿಗೆ ಇನ್ನೂ ಟೈಮಿತ್ತು. ಬೆಂಚಿನ ಮೇಲೆ ಕೂತು, ರಸ್ತೆ ಕಡೆ ನೋಡ್ಕೊಂಡೇ ಮಾತಾಡಿದಳು.

"ಸೋಮವಾರಾನೇ ಗೊತ್ತಾಯ್ತು ನಂಗೆ. ಕ್ಲಾಂಪ್ ಗುರ್ತು ಗೊತ್ತಾಗಲ್ವಾ? ಬಡಗಿ ಮಗಳಲ್ವಾ ನಾನು?"

ತಪ್ಪಾಯ್ತು ಕಣವ್ವ ಅಂದೆ. ಬಿಲ್ಲಿಗೆ ಅಂದೆನೋ ಮಿಕ್ಕಿದ್ದಕ್ಕೆ ಅಂದೆನೋ, ನನಗೇ ಗೊತ್ತಿಲ್ಲ.

"ಬಿಲ್ಲು ಹೋಯ್ತು, ಬುಡು," ಅಂದಳು. "ಬಾಯಿ ಬುಡೋಕೆ ಅಷ್ಟೊತ್ತು ಬೇಕಾಯ್ತಾ ಅಪ್ಪ, ಅವರು ಬಯ್ಯೋವಾಗ?"