ಮಲ್ಲಕ್ಕನ ಹೆಸರಲ್ಲಿ ಬಾವಿ ಸುತ್ತಿದ ನಿಂಗಕ್ಕ

ಈಜುತ್ತೇನೆಂದು ನಿಂಗಕ್ಕ ಹೇಳಿದಾಗ ಊರಿನವರು ಮೊದಲು ಕೇಳಿದ್ದು, "ಎಲ್ಲಿಗೆ?" ಎಂದು.

ನಮ್ಮೂರು ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ ಇದೆ. ನಿಂಗಕ್ಕ ಇಲ್ಲಿಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಉಪ್ಪಿಟ್ಟು ಕೆದಕುವವರೆಗೆ ಎಲ್ಲ ಕೆಲಸವೂ ಅವಳದೇ. ವಯಸ್ಸು ಐವತ್ತರ ಹತ್ತಿರ ಬಂದರೂ ನಡಿಗೆ ನಿಧಾನವಾಗಿಲ್ಲ.

ಅವಳ ಅಕ್ಕ ಮಲ್ಲಕ್ಕ ಕ್ಯಾನ್ಸರಿನಿಂದ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಂಗಕ್ಕ ಹಾಸಿಗೆಯ ಪಕ್ಕದಲ್ಲೇ ಇದ್ದಳು. ರೋಗಿಗೆ ಆಸ್ಪತ್ರೆಯ ಊಟ ಬರುತ್ತಿತ್ತು. ಜೊತೆಗಿದ್ದವರ ಹೊಟ್ಟೆ ತುಂಬಿಸುತ್ತಿದ್ದವರು ಎದುರು ಬೀದಿಯ ಸರ್ವಮಂಗಳಮ್ಮ. ಮನೆ ಮುಂದಿನ ಶೆಡ್ಡಿನಲ್ಲಿ ಎರಡು ಹೊತ್ತೂ ಮುದ್ದೆ, ಸಾರು ಮಾಡಿ ಬಂದವರಿಗೆಲ್ಲ ಸುಮ್ಮನೆ ಬಡಿಸುತ್ತಿದ್ದರು. ಮಲ್ಲಕ್ಕ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ರಾಗಿ ಕೊಡುವವರು ಕಡಿಮೆಯಾಗಿ ಅಲ್ಲಿ ರಾತ್ರಿಯ ಊಟ ನಿಂತಿತ್ತು. ಮಧ್ಯಾಹ್ನದ್ದೂ ನಿಲ್ಲುವುದರಲ್ಲಿದೆ ಎಂದು ಗೊತ್ತಾದ ದಿನವೇ ನಿಂಗಕ್ಕ ತೀರ್ಮಾನ ಮಾಡಿದಳು. ಅಕ್ಕನ ವರ್ಷದ ದಿನ ಈಜುವುದು, ಈಜಿ ಊರಿಂದ ಆ ಶೆಡ್ಡಿಗೆ ರಾಗಿ ಎತ್ತುವುದು.

ಈಜೇ ಏಕೆಂದರೆ, ಅದನ್ನು ಕಲಿಸಿದವಳೇ ಮಲ್ಲಕ್ಕ. ಹೆಣ್ಣುಮಕ್ಕಳು ನೀರಿಗಿಳಿಯುವುದನ್ನು ಯಾರೂ ಒಪ್ಪದ ಕಾಲದಲ್ಲಿ ತಂಗಿಯ ಸೊಂಟಕ್ಕೆ ಹಳೆಯ ಸೀರೆ ಕಟ್ಟಿ ಹೊಲದ ಬಾವಿಗೆ ಇಳಿಸಿದ್ದಳು.

ಕೆರೆಯನ್ನು ಏರಿಯಿಂದ ಆಚೆ ದಡಕ್ಕೆ ದಾಟಿದರೆ ಮನೆಗಿಷ್ಟು ರಾಗಿ ಎಂದು ಊರು ಒಪ್ಪಿತು. ಒಪ್ಪಿಸಿದವರು ಪಂಚಾಕ್ಷರಪ್ಪ. ಕಣದಲ್ಲಿ ರಾಗಿ ಅಳೆಯಲು ಎಲ್ಲರೂ ಕರೆಯುವ ಹಿರಿಯರು.

ಒಂದು ವಾರ ಮೊದಲು ನಿಂಗಕ್ಕ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕೆರೆಗಿಳಿದು ನೋಡಿದಳು. ತಲೆ ತಗ್ಗಿಸಿ ರಭಸವಾಗಿ ಕೈ ಬೀಸಿದಳು. ಸುಮಾರು ಹೊತ್ತಿನ ಮೇಲೆ ಕಾಲಿಗೆ ಕಲ್ಲು ತಾಗಿತು. ದಡ ಸಿಕ್ಕಿತೆಂದು ಎದ್ದು ನಿಂತರೆ ಎದುರಿಗೆ ಅದೇ ಏರಿ. ಅದರ ಮೇಲೆ ಅದೇ ಪಂಚಾಕ್ಷರಪ್ಪ.

"ಏನವ್ವ ನಿಂಗಕ್ಕ, ಆಚೆ ದಡದಾಗೂ ನಾನೇ ಅದೀನಲ್ಲ!"

ಏರಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮತ್ತೆ ಇಳಿದಳು. ಮತ್ತೆ ಎಡಕ್ಕೆ ಬಾಗಿ ಬಾಗಿ ಅಲ್ಲಿಗೇ ಬಂದಳು. ಆಗ ಅವಳಿಗೂ ನಗು ತಡೆಯಲಾಗಲಿಲ್ಲ.

"ಗೋಡೆ ಬಲಗೈಗೆ ಇಟ್ಕಂಡು ಸುತ್ತು ಅಂತ ನಮ್ಮಕ್ಕ ಕಲಿಸಿದ್ಲು. ಇಲ್ಲಿ ಗೋಡೆ ಇಲ್ದಿದ್ರೂ ಕೈ ಅಂಗೇ ತಿರುಗ್ತೈತೆ ನೋಡ್ರಿ!"

ಮಲ್ಲಕ್ಕನ ಮಗ ನಿರಂಜನ್ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಅವನಿಗೆ ಆ ನಗು ಹಿಡಿಸಲಿಲ್ಲ. "ಬಿಡು ಚಿಕ್ಕಮ್ಮ, ನಾನೇ ನಾಲ್ಕು ಚೀಲ ರಾಗಿ ಹಾಕ್ತೀನಿ."

"ನಿನ್ನೊಬ್ಬಂದು ಎಷ್ಟು ದಿನಕ್ಕಾಗ್ತೈತೆ? ಊರೆಲ್ಲ ಸೇರಬೇಕು ಕಣಪ್ಪ." ಅವಳು ಏರಿಯತ್ತ ತಿರುಗಿದಳು. "ಯಜಮಾನ್ರೆ, ನನಗೆ ಸುತ್ತೋದು ಬರ್ತೈತೆ, ಸುತ್ತೇ ಹೊಡೀತೀನಿ. ಬಾವಿ ಹತ್ರ ಬರ್ರಿ."

"ಬಾವ್ಯಾಗೇನು! ಮೆಟ್ಲು ಹಿಡ್ಕಂಡು ಹಗಲೆಲ್ಲ ಇರಬೋದು."

"ಮೆಟ್ಲು ಮುಟ್ಟಿದ್ರೆ, ಗೋಡೆ ಮುಟ್ಟಿದ್ರೆ ಒಂದು ಕಾಳೂ ಕೊಡಬ್ಯಾಡ್ರಿ."

ಬಿಸಿಲು ಬಾವಿಯ ನೀರಿಗೆ ಬಿದ್ದ ಗಳಿಗೆಯಿಂದ, ಅದೇ ಬಿಸಿಲು ನೀರು ಬಿಟ್ಟು ಗೋಡೆ ಹತ್ತುವವರೆಗೆ ನಿಂಗಕ್ಕ ನಿಲ್ಲದೆ ಸುತ್ತಬೇಕು ಎಂದು ಮಾತಾಯಿತು.

ವರ್ಷದ ದಿನ ಎಡೆ ಇಟ್ಟು ಎಲ್ಲರೂ ಹೊಲಕ್ಕೆ ಬಂದರು. ಎರಡು ವರ್ಷ ಒಳ್ಳೆ ಮಳೆಯಾಗಿ ಬಾವಿಯಲ್ಲಿ ನೀರು ಮೇಲೇ ಇತ್ತು. ಪಂಚಾಕ್ಷರಪ್ಪ ಸುತ್ತುಗಳನ್ನು ಕಣದಲ್ಲಿ ರಾಗಿ ಅಳೆದಂತೆಯೇ ಎಣಿಸಿದರು. ಮೊದಲನೆಯದಕ್ಕೆ ಒಂದು ಎನ್ನದೆ "ಲಾಭ" ಎಂದು ಕೂಗಿ, ಆಮೇಲೆ ಎರಡು, ಮೂರು. ಬಿಸಿಲೇರಿದಂತೆ ಅವರ ಗಂಟಲು ಒಣಗಿತು. ನಿಂಗಕ್ಕ ಮಾತ್ರ ಅದೇ ಹದದಲ್ಲಿ ಹೋಗುತ್ತಿದ್ದಳು. ನೋಡುವವರಿಗೆ ಬೇಜಾರಾಗಿ ಕೆಲವರು ಹುಣಸೆ ಮರದಡಿ ಕುಳಿತರು.

ಮಧ್ಯಾಹ್ನ ದಾಟಿದ ಮೇಲೆ ಅವಳ ಬಲಗೈ ನೀರಿನಿಂದ ಪೂರ್ತಿ ಮೇಲೇಳದಾಯಿತು. ಒಂದೇ ಕಡೆಗೆ ಸುತ್ತಿ ಸುತ್ತಿ ಭುಜ ಸೋತಿತ್ತು. ಮೆಟ್ಟಿಲು ಒಂದು ಮಾರು ದೂರದಲ್ಲಿತ್ತು. ಅವಳು ಅತ್ತ ತಿರುಗಿದಾಗ ಎಲ್ಲರೂ ಎದ್ದು ನಿಂತರು. ಆದರೆ ಅವಳು ಮೆಟ್ಟಿಲಿಗೆ ಹೋಗಲಿಲ್ಲ. ಬಾವಿಯ ನಡುವೆ ಮೈ ತಿರುಗಿಸಿ, ಹುಟ್ಟಿದಾಗಿನಿಂದ ಒಮ್ಮೆಯೂ ಸುತ್ತದ ಬಲಗಡೆಗೆ ಹೊರಟಳು. ಕೈಕಾಲು ಹೊಂದದೆ ತಲೆ ಒಮ್ಮೆ ನೀರೊಳಗೆ ಹೋಯಿತು. ನಿರಂಜನ್ ಅಂಗಿ ಕಳಚಿ ಮೆಟ್ಟಿಲಿಳಿದ.

ಮೇಲೆ ಬಂದವಳು ನೀರು ಉಗುಳಿ ಕೂಗಿದಳು, "ಮುಟ್ಟೀಯ ಲೇ! ರಾಗಿ ಹೋಗ್ತೈತೆ!"

ಅವನು ಕೊನೆಯ ಮೆಟ್ಟಿಲ ಮೇಲೆ ನಿಂತೇ ಬಿಟ್ಟ. ಆ ಸುತ್ತು ಬಹಳ ನಿಧಾನವಾಯಿತು. ಅದರ ನಂತರದ್ದು ಸ್ವಲ್ಪ ಸಲೀಸು. ಬಾವಿಯ ಸುತ್ತ ಈಗ ಯಾರೂ ಕುಳಿತಿರಲಿಲ್ಲ. ಪಂಚಾಕ್ಷರಪ್ಪ ಎಣಿಕೆ ಬಿಟ್ಟು ಗೋಡೆಯನ್ನೇ ನೋಡುತ್ತಿದ್ದರು. ಬಿಸಿಲು ನೀರಿನಂಚಿಗೆ ಸರಿದು, ಕಲ್ಲಿಗೆ ಹತ್ತಿತು.

"ಸಾಕು ಬಾರವ್ವ," ಎಂದರು.

ಮಾತಾದದ್ದಕ್ಕಿಂತ ಹೆಚ್ಚೇ ಅಳೆದು ಕೊಟ್ಟವರು ಬಹಳ ಮಂದಿ. ಮಾರನೆಯ ದಿನ ಟ್ರ್ಯಾಕ್ಟರ್ ಚಿತ್ರದುರ್ಗ ಸೇರಿದಾಗ ಸರ್ವಮಂಗಳಮ್ಮ ಚೀಲಗಳನ್ನು ಒಮ್ಮೆ, ನಿಂಗಕ್ಕನನ್ನು ಒಮ್ಮೆ ನೋಡಿ, "ಹಂಗಾದ್ರೆ ರಾತ್ರಿಗೂ ಎಸರಿಡಾಣ" ಎಂದರು. ಆ ಸಂಜೆ ಭುಜಕ್ಕೆ ಎಣ್ಣೆ ಹಚ್ಚಿಕೊಂಡಿದ್ದ ನಿಂಗಕ್ಕ ಎಡಗೈಯಿಂದ ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಓಡಾಡುತ್ತಿದ್ದಳು. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದ ಹಿರಿಯೂರು ಕಡೆಯವನೊಬ್ಬ ಮುದ್ದೆ ಮುಗಿಸಿ ತಟ್ಟೆ ನೋಡುತ್ತಾ ಕುಳಿತಿದ್ದ.

"ಸಂಕೋಚ ಯಾಕಪ್ಪ, ಇನ್ನೊಂದು ಹಾಕಿಸ್ಕ," ಎಂದಳು ಅವಳು. "ರಾಗಿ ಐತೆ."