ಫ್ರಿಜ್ಜಿನ ಹೊರಗಿಟ್ಟ ಹಂದಿ ರಕ್ತ

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಬಸವಕಲ್ಯಾಣದ ಅಂಚಿನ ನಮ್ಮ ಓಣಿಯಲ್ಲಿ ನನ್ನ ಮೂರು ಹೆಣ್ಣು ಹಂದಿಗಳಲ್ಲಿ ಒಂದು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿತ್ತು. ಕಿವಿ, ಹೊಟ್ಟೆ ಎಲ್ಲ ನೇರಳೆ ಬಣ್ಣ. ಆಚೆ ಓಣಿಯವರು ದೂರು ಕೊಟ್ಟರು. ಪಶು ಇಲಾಖೆಯ ಸಾಹೇಬರೊಬ್ಬರು ಬಂದು, ಇದು ಹಂದಿ ಜ್ವರ, ಉಳಿದ ಎರಡನ್ನೂ ಕೊಂದು ಹೂಳುತ್ತೇವೆ ಎಂದರು. ಅವುಗಳಲ್ಲಿ ಒಂದು ತುಂಬು ಗಬ್ಬದ್ದು. ರೋಗ ಇದೆಯೋ ಇಲ್ಲವೋ ನೋಡದೆ ಕೊಲ್ಲುವುದು ಯಾವ ನ್ಯಾಯ?

"ಮೊದಲ ರಗತ ನೋಡ್ರಿ ಸಾಹೇಬ್ರ," ಅಂದೆ.

"ನೀನೇ ನೋಡಿಸ್ಕೊಂಡು ಬಾ. ರೋಗ ಇಲ್ಲಂತ ಕಾಗದ ತಂದ್ರ ಬಿಡ್ತೀನಿ."

ಹಂದಿ ಕೊಯ್ದಾಗ ನಾವು ರಕ್ತಕ್ಕೆ ಉಪ್ಪು ಹಾಕಿ ಕೈಯಾಡಿಸುತ್ತೇವೆ, ಇಲ್ಲದಿದ್ದರೆ ಗಡ್ಡೆ ಕಟ್ಟುತ್ತದೆ. ಸತ್ತ ಹಂದಿಯ ರಕ್ತವನ್ನೂ ಹಾಗೆಯೇ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ಹುಮ್ನಾಬಾದಿಗೆ ಹೋದೆ. ಅಲ್ಲಿ ಈ ರೋಗ ಬಲ್ಲ ದನದ ಡಾಕ್ಟರಮ್ಮ ಇದ್ದರು.

ಅವರು ಮುಚ್ಚಳ ತೆಗೆದು ಮೂಸಿ ನಕ್ಕರು. "ಏನವ್ವಾ, ಒಗ್ಗರಣಿ ಒಂದೇ ಬಾಕಿ ಇಟ್ಟೀಯಲ್ಲ!"

"ನಗಬ್ಯಾಡ್ರಿ. ಗಡ್ಡಿ ಆಗಬಾರದಂತ ಉಪ್ಪ ಹಾಕೀನಿ."

"ಅದಕ್ಕ ನಮ್ಮ ಟ್ಯೂಬಿನ್ಯಾಗ ಬ್ಯಾರೆ ಔಷಧ ಇರ್ತದ. ಉಪ್ಪು ಬಿದ್ರ ಪರೀಕ್ಷಾ ಕೆಡ್ತದ. ಮತ್ತ ರಗತ ಐಸಿನ್ಯಾಗೇ ಇರಬೇಕು. ಬಿಸಲಾಗ ಇಟ್ರ ರೋಗದ ಗುರುತು ಅಳಿಸಿ ಹೋಗಿ, ಇದ್ರೂ ಇಲ್ಲಂತ ಬರ್ತದ."

ಅವರು ತಾವೇ ನಮ್ಮ ಓಣಿಗೆ ಬಂದು ಎರಡೂ ಹಂದಿಗಳ ಕಿವಿಯ ನರದಿಂದ ರಕ್ತ ತೆಗೆದರು. ಒಂದೊಂದರದೂ ಒಂದು ಹನಿಯನ್ನು ಪರೀಕ್ಷೆಯ ಬಿಳಿ ಪಟ್ಟಿಗೆ ಹಾಕಿದರು. ಎರಡರಲ್ಲೂ ಒಂದೇ ಗೆರೆ ಮೂಡಿತು.

"ಒಂದು ಗೆರಿ ಅಂದ್ರ ರೋಗ ಇಲ್ಲ. ಆದ್ರ ಪಟ್ಟಿ ಒಂದನ್ನೇ ನಂಬಂಗಿಲ್ಲ. ಬೆಂಗಳೂರಿನ ಲ್ಯಾಬಿನ್ಯಾಗ ಪಿಸಿಆರ್ ಅಂತ ಮಾಡ್ತಾರ. ಚೂರೇ ವೈರಸ್ ಇದ್ರೂ ಮಿಷನ್ನು ಹಿಡೀತದ."

ಉಳಿದ ರಕ್ತವನ್ನು ಐಸು ತುಂಬಿದ ಪೆಟ್ಟಿಗೆಯಲ್ಲಿಟ್ಟು ಹತ್ತಿರದ ದನದ ದವಾಖಾನೆಗೆ ಕೊಟ್ಟು, ಬೆಂಗಳೂರು ಬಸ್ಸಿಗೆ ಹಾಕುವವರೆಗೆ ಫ್ರಿಜ್ಜಿನಲ್ಲಿಡಲು ಹೇಳಿ ಹೋದರು. ಯಾವ ದವಾಖಾನೆ ಎಂದು ನಾನು ಹೇಳುವುದಿಲ್ಲ. ಮಾರನೆಯ ದಿನ ಹೋಗಿ ನೋಡಿದರೆ ಪೆಟ್ಟಿಗೆ ಅಂಗಳದಲ್ಲಿ, ಉರಿಬಿಸಿಲಲ್ಲಿ ಬಿದ್ದಿತ್ತು. ಐಸು ಕರಗಿ ನೀರಾಗಿತ್ತು.

"ಫ್ರಿಜ್ಜಿನ್ಯಾಗ ಯಾಕ ಇಟ್ಟಿಲ್ಲೋ?" ಎಂದು ಅಲ್ಲಿನ ಜವಾನನನ್ನು ಕೇಳಿದೆ.

"ಹಂದಿ ರಗತ ಅದ ಬೇ. ಫ್ರಿಜ್ಜಿನ್ಯಾಗ ನಮ್ಮ ಮೊಸರು ಇರ್ತದ."

"ಸರಕಾರದವ್ರು ಫ್ರಿಜ್ ಕೊಟ್ಟದ್ದು ನಿನ್ನ ಮೊಸರಿಗೇನೋ?"

"ಯಾಕ ಒದರಾಕತ್ತೀ? ಕೆಟ್ಟ ರಗತ ಕಳಿಸಿದ್ರ ರೋಗ ಇಲ್ಲಂತ ಬರ್ತದ. ನಿನಗ ಚಲೋನೇ ಆತಲ್ಲ!"

ಹಲ್ಲು ಬೇರೆ ಕಿಸಿದ.

"ಸುಳ್ಳು ಕಾಗದ ನಾ ಕೇಳಿಲ್ಲ! ನಾಳಿ ಮರಿ ಸತ್ರ, ಓಣಿ ಹಂದಿ ಎಲ್ಲಾ ಸತ್ರ, ಹೂಳಾಕ ನೀ ಬರ್ತೀಯೇನೋ ಭಾಡ್ಯಾ?"

ಉಪ್ಪು ಹಾಕಿದ್ದಕ್ಕೆ ನನ್ನನ್ನು ಊರೆಲ್ಲ ಆಡಿಕೊಂಡಿತು. ನನಗೆ ಗೊತ್ತಿರಲಿಲ್ಲ, ಹಾಕಿದೆ. ಇವನಿಗೆ ಎಲ್ಲ ಗೊತ್ತಿತ್ತು. ಹುಚ್ಚು ನಾಯಿಯ ಸೂಜಿ ಔಷಧ ಆ ಮೊಸರಿನ ಪಕ್ಕದಲ್ಲೇ ಇರುತ್ತಿತ್ತು, ಅದಕ್ಕೆ ಮೈಲಿಗೆ ಇಲ್ಲ. ನನ್ನ ಹಂದಿಯ ರಕ್ತಕ್ಕೆ ಮಾತ್ರ. ಗಾಜಿನ ನಳಿಗೆಯೊಳಗೆ, ಬಿಗಿಯಾಗಿ ಬೂಚು ಹಾಕಿದ್ದರೂ!

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿಸಿದೆ. ಅವರು ಸಾಹೇಬರಿಗೆ ಕಾಯಲು ಹೇಳಿ, ಸಂಜೆ ಮತ್ತೆ ಬಂದು ಹೊಸದಾಗಿ ರಕ್ತ ತೆಗೆದರು. ಆ ರಕ್ತದಲ್ಲಿ ರೋಗ ಇಲ್ಲವೆಂದು ಮುಂದೆ ಕಾಗದ ಬಂತು, ಹಂದಿಗಳು ಉಳಿದವು. ಆದರೂ ಆ ಮೊಸರು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಹೊಸ ರಕ್ತ ತೆಗೆದ ಆ ರಾತ್ರಿ, ಬಸ್ಸಿಗೆ ನಾನೇ ಹಾಕುತ್ತೇನೆಂದು ಹೇಳಿ, ಪೆಟ್ಟಿಗೆಯನ್ನು ಡಾಕ್ಟರಮ್ಮನಿಗೂ ಕೊಡಲಿಲ್ಲ, ಯಾರಿಗೂ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಮೀನು ಮಾರುವವಳ ಹತ್ತಿರ ಹೊಸ ಐಸು ತಂದು ತುಂಬಿ, ಅಲ್ಲಿಂದ ಬೆಂಗಳೂರು ಬಸ್ಸಿಗೆ ಹಾಕಲೆಂದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಮ್ನಾಬಾದ್ ಬಸ್ಸಿನಲ್ಲಿ ಕುಳಿತೆ. ಕಾಲ ಕೆಳಗೆ ಇಡು ಎಂದ ಕಂಡಕ್ಟರನಿಗೆ, ಇಡುವುದಿಲ್ಲ ಎಂದೆ.